ಶಂಖವೊಂದರ ಸಿಟಿ ಸ್ಕ್ಯಾನ್: ಡೇಟಾ ಬೇರೆಯವರಿಗೂ ದಕ್ಕುವಂತೆ ಇಡುವುದು ಹೇಗೆ

ಫೋಲ್ಡರಿನ ಹೆಸರು ‘ಸ್ಕ್ಯಾನ್ ಫೈನಲ್ ನ್ಯೂ 2’. ಒಳಗೆ ಒಂದೂವರೆ ಸಾವಿರ ಟಿಫ್ ಚಿತ್ರಗಳು, ಬೇರೇನೂ ಇಲ್ಲ. ಯಾವ ಮಾದರಿ, ಒಂದು ವಾಕ್ಸೆಲ್ (ಮೂರು ಆಯಾಮದ ಚಿತ್ರದ ಒಂದು ಪುಟ್ಟ ಘನ) ಎಷ್ಟು ಮೈಕ್ರೋಮೀಟರ್, ಮೊದಲ ಚಿತ್ರ ತಲೆಯ ಕಡೆಯದೋ ಬುಡದ ಕಡೆಯದೋ, 31,000 ಎಂಬ ಬೂದು ಅಂಕಿಗೆ ಅರ್ಥವೇನು, ಯಾವುದಕ್ಕೂ ಉತ್ತರ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದವರು ಲ್ಯಾಬ್ ಬಿಟ್ಟುಹೋದ ದಿನ ಆ ಫೋಲ್ಡರಿನ ಕಥೆ ಮುಗಿಯಿತು. ಇಂಥ ಫೋಲ್ಡರನ್ನು ಹಾಗೇ ಅಂತರ್ಜಾಲಕ್ಕೆ ಏರಿಸಿದರೆ ಅದನ್ನು ‘ಮುಕ್ತ ಡೇಟಾ’ ಅನ್ನಬಹುದು, ಆದರೆ ಯಾರ ಉಪಯೋಗಕ್ಕೂ ಬರುವುದಿಲ್ಲ.

ಮ್ಯೂಸಿಯಂ ಮಾದರಿ, ಪಳೆಯುಳಿಕೆ, ಕಲ್ಲು, ಕೀಟ, ಚಿಪ್ಪು ಮುಂತಾದವನ್ನು ಮೈಕ್ರೋ ಸಿಟಿ ಅಥವಾ ಕೈಗಾರಿಕಾ ಸಿಟಿ ಯಂತ್ರದಲ್ಲಿ ಸ್ಕ್ಯಾನ್ ಮಾಡುವವರಿಗಾಗಿ ಈ ಬರಹ. ಮಾತು ಗಾಳಿಯಲ್ಲಿ ತೇಲದಿರಲೆಂದು ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇವೆ: 150 ಮಿ.ಮೀ. ಎತ್ತರ, 80 ಮಿ.ಮೀ. ಅಗಲದ ಒಂದು ಒಣ ಶಂಖ, ಅಂದರೆ ಮನ್ನಾರ್ ಕೊಲ್ಲಿಯಲ್ಲೂ ಶ್ರೀಲಂಕಾದ ಸುತ್ತಲೂ ಸಿಗುವ ಟರ್ಬಿನೆಲ್ಲಾ ಪೈರಮ್. ಶಂಖವನ್ನೇ ಏಕೆ ಆರಿಸಿದೆವು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಸ್ಕ್ಯಾನ್ ಮಾಡಿದ ದಿನವೇ

ಮೆಟಾಡೇಟಾವನ್ನು, ಅಂದರೆ ಡೇಟಾದ ಬಗೆಗಿನ ವಿವರಗಳನ್ನು, ಲೇಖನ ಪ್ರಕಟವಾಗುವಾಗ ಬರೆದರಾಯಿತು ಎಂದುಕೊಳ್ಳುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಯಂತ್ರದ ಮುಂದೆ ಕುಳಿತಾಗ ಹತ್ತು ನಿಮಿಷದ ಕೆಲಸ. ಎರಡು ವರ್ಷ ಕಳೆದ ಮೇಲೆ ಅದು ಪತ್ತೇದಾರಿಕೆ.

ಮೊದಲು ಅಳತೆ. ಎಕ್ಸ್‌ರೇಯನ್ನು ಹಿಡಿಯುವ ಫಲಕ, ಅಂದರೆ ಡಿಟೆಕ್ಟರ್, 2000×2000 ಪಿಕ್ಸೆಲ್‌ನದು, ಒಂದೊಂದು ಪಿಕ್ಸೆಲ್ 0.2 ಮಿ.ಮೀ. ಎಂದಿಟ್ಟುಕೊಳ್ಳಿ. ಎಕ್ಸ್‌ರೇ ಮೂಲದಿಂದ ಡಿಟೆಕ್ಟರಿಗೆ 1000 ಮಿ.ಮೀ., ಮೂಲದಿಂದ ಮಾದರಿ ತಿರುಗುವ ಅಕ್ಷಕ್ಕೆ 500 ಮಿ.ಮೀ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ವರ್ಧನೆ 2. ಪಿಕ್ಸೆಲನ್ನು ವರ್ಧನೆಯಿಂದ ಭಾಗಿಸಿದರೆ ವಾಕ್ಸೆಲ್ 0.1 ಮಿ.ಮೀ., ಅಂದರೆ 100 ಮೈಕ್ರೋಮೀಟರ್. 2000 ವಾಕ್ಸೆಲ್ ಎಂದರೆ 200 ಮಿ.ಮೀ. ಕ್ಷೇತ್ರ, ಶಂಖ ಸಲೀಸಾಗಿ ಹಿಡಿಯುತ್ತದೆ. ವಾಕ್ಸೆಲ್ ಒಂದನ್ನೇ ಬರೆದು ಕೈತೊಳೆದುಕೊಳ್ಳಬೇಡಿ. ಎರಡೂ ದೂರಗಳನ್ನು, ಪಿಕ್ಸೆಲ್ ಅಳತೆಯನ್ನು ಬರೆಯಿರಿ. ವಾಕ್ಸೆಲ್ ತಪ್ಪಾಗಿದ್ದರೂ ಈ ಮೂರು ಅಂಕಿಗಳಿಂದ ಅದನ್ನು ಮತ್ತೆ ಕಟ್ಟಿಕೊಳ್ಳಬಹುದು.

ಯಂತ್ರವೂ ತನ್ನ ಪಾಡಿಗೆ ಒಂದು ದಾಖಲೆ ಬರೆಯುತ್ತಿರುತ್ತದೆ. ಸ್ಕೈಸ್ಕ್ಯಾನ್ ಯಂತ್ರಗಳಲ್ಲಿ ಅದು ಲಾಗ್ ಫೈಲ್, ನಿಕಾನ್‌ನಲ್ಲಿ ಎಕ್ಸ್‌ಟೆಕ್‌ಸಿಟಿ, ಫೀನಿಕ್ಸ್‌ನಲ್ಲಿ ಪಿಸಿಎ. ಮೂರೂ ಸಾದಾ ಪಠ್ಯ, ನೋಟ್‌ಪ್ಯಾಡಿನಲ್ಲಿ ತೆರೆದುಕೊಳ್ಳುತ್ತವೆ. ಝೈಸ್‌ನ ಟಿಎಕ್ಸ್‌ಆರ್‌ಎಂ ಮಾತ್ರ ಹಾಗಲ್ಲ, ಚಿತ್ರ ಮತ್ತು ಮಾಹಿತಿ ಒಂದೇ ಬೈನರಿ ಫೈಲಿನೊಳಗೆ ಹೂತಿರುತ್ತವೆ. ಅದರ ತಂತ್ರಾಂಶ ಕೈಯಲ್ಲಿರುವಾಗಲೇ ಪ್ಯಾರಾಮೀಟರುಗಳನ್ನು ಪಠ್ಯವಾಗಿ ಹೊರತೆಗೆದಿಡಿ. ಯಂತ್ರ ಬರೆದ ಈ ಫೈಲುಗಳನ್ನು ತಿದ್ದಬೇಡಿ, ಹೆಸರನ್ನೂ ಬದಲಿಸಬೇಡಿ, ಇದ್ದ ಹಾಗೇ ಡೇಟಾ ಜೊತೆ ಇಡಿ. ಇಲ್ಲಿ ಒಂದು ಎಡವಟ್ಟು ಆಗಾಗ ಆಗುತ್ತದೆ: ನಿಕಾನ್ ಮತ್ತು ಫೀನಿಕ್ಸ್ ಫೈಲುಗಳು ವಾಕ್ಸೆಲನ್ನು ಮಿ.ಮೀ.ನಲ್ಲಿ ಬರೆಯುತ್ತವೆ, ಸ್ಕೈಸ್ಕ್ಯಾನ್ ಮೈಕ್ರೋಮೀಟರಿನಲ್ಲಿ. ಎರಡು ಯಂತ್ರಗಳ ಲಾಗ್‌ಗಳಿಂದ ಒಂದೇ ಕೋಷ್ಟಕ ಮಾಡುವಾಗ ಏಕಮಾನಕ್ಕೆ ಬೇರೆ ಕಾಲಂ ಇಡದಿದ್ದರೆ ಶಂಖ ಸಾವಿರ ಪಟ್ಟು ಹಿಗ್ಗುತ್ತದೆ, ಇಲ್ಲವೇ ಧೂಳಿನ ಕಣವಾಗುತ್ತದೆ.

ಯಂತ್ರಕ್ಕೆ ಗೊತ್ತಿಲ್ಲದ್ದನ್ನು ನೀವೇ ಬರೆಯಬೇಕು: ಮಾದರಿಯ ಸಂಗ್ರಹ ಸಂಖ್ಯೆ, ಯಾವ ತುದಿ ಮೇಲಿತ್ತು, ಯಾವುದರ ಮೇಲೆ ಕೂರಿಸಿದ್ದು (ಥರ್ಮೋಕೋಲ್, ಪ್ಲಾಸ್ಟಿಕ್ ಡಬ್ಬಿ, ಮೇಣ), ಒದ್ದೆಯೋ ಒಣವೋ. ಎಕ್ಸ್‌ರೇಯನ್ನು ಸೋಸುವ ಲೋಹದ ಹಾಳೆಯ (ಫಿಲ್ಟರ್) ದಪ್ಪವನ್ನೂ ಮರೆಯಬೇಡಿ. 0.5 ಮಿ.ಮೀ. ತಾಮ್ರವನ್ನು ಕೈಯಿಂದ ಸಿಕ್ಕಿಸಿದ್ದರೆ ಯಂತ್ರದ ಲಾಗಿನಲ್ಲಿ ‘ಫಿಲ್ಟರ್ ಇಲ್ಲ’ ಎಂದೇ ಇರುತ್ತದೆ.

ಮೃದು ದೇಹದ ಮಾದರಿಗೆ ಅಯೋಡಿನ್ ಬಣ್ಣ ಕೊಟ್ಟಿದ್ದರೆ ಇನ್ನೊಂದು ತೊಡಕಿದೆ. ‘ಶೇ. 1 ಲುಗಾಲ್ ದ್ರಾವಣ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. 100 ಮಿ.ಲೀ. ನೀರಿಗೆ 1 ಗ್ರಾಂ ಅಯೋಡಿನ್, 2 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಹಾಕಿದ್ದನ್ನು ಕೆಲವರು ಶೇ. 1 ಎನ್ನುತ್ತಾರೆ, ಕೆಲವರು ಎರಡನ್ನೂ ಕೂಡಿ ಶೇ. 3 ಎನ್ನುತ್ತಾರೆ. ಆದ್ದರಿಂದ ಗ್ರಾಂಗಳಲ್ಲೇ ಬರೆಯಿರಿ. ಎಷ್ಟು ದಿನ ನೆನೆಸಿದ್ದು, ದ್ರಾವಣ ಬದಲಿಸಿದ್ದೆಷ್ಟು ಸಲ, ಆಮ್ಲತೆ ಏರದಂತೆ ತಡೆಯುವ ಬಫರ್ ಹಾಕಿತ್ತೋ ಇಲ್ಲವೋ ಅದೂ ಇರಲಿ. ಬಫರ್ ಇಲ್ಲದ ಲುಗಾಲ್ ಕಾಲಕ್ರಮದಲ್ಲಿ ಆಮ್ಲೀಯವಾಗಿ ಸುಣ್ಣದ ಭಾಗವನ್ನು ತಿನ್ನುತ್ತದೆ, ಅಂಗಾಂಶವನ್ನೂ ಕುಗ್ಗಿಸುತ್ತದೆ. ಮುಂದೆ ಯಾರಾದರೂ ಆ ಸ್ನಾಯುವಿನ ಗಾತ್ರ ಅಳೆದರೆ ಅವರು ಅಳೆಯುವುದು ಕುಗ್ಗಿದ ಸ್ನಾಯುವನ್ನು.

ಎಡಮುರಿಯೋ ಬಲಮುರಿಯೋ

ಶಂಖವನ್ನು ಆರಿಸಿದ್ದು ಇದಕ್ಕಾಗಿಯೇ. ಸಿಟಿ ಡೇಟಾದಲ್ಲಿ ಯಾರ ಕಣ್ಣಿಗೂ ಬೀಳದೆ ನುಸುಳುವ ದೋಷವೆಂದರೆ ಕನ್ನಡಿ ಬಿಂಬ. ಎಲುಬು, ಕಲ್ಲು, ಜೀರುಂಡೆಗಳಲ್ಲಿ ಎಡಬಲ ಅದಲುಬದಲಾದರೆ ಬಹುಮಟ್ಟಿಗೆ ಗೊತ್ತೇ ಆಗುವುದಿಲ್ಲ. ಶಂಖದಲ್ಲಿ ಆದರೆ ಅದು ಬೇರೆಯೇ ವಸ್ತುವಾಗುತ್ತದೆ.

ಸ್ಲೈಸ್‌ಗಳನ್ನು (ಅಡ್ಡಸೀಳಿನ ಚಿತ್ರಗಳನ್ನು) ಮೇಲಿನಿಂದ ಕೆಳಕ್ಕೆ ಎಣಿಸಿದ್ದನ್ನು ಇನ್ನೊಂದು ತಂತ್ರಾಂಶ ಕೆಳಗಿನಿಂದ ಮೇಲಕ್ಕೆಂದು ಓದಿದರೆ ಒಂದು ಅಕ್ಷ ತಿರುಗಿತು. ಒಂದರಲ್ಲಿ ಚಿತ್ರದ ಮೊದಲ ಸಾಲು ಮೇಲ್ಗಡೆ, ಇನ್ನೊಂದರಲ್ಲಿ ಕೆಳಗಡೆ, ಮತ್ತೊಂದು ಅಕ್ಷ ತಿರುಗಿತು. ಎರಡು ಅಕ್ಷ ತಿರುಗಿದರೆ ಅದು ಬರೀ ಮಗುಚಿದಂತೆ, ವಸ್ತು ಅದೇ ಇರುತ್ತದೆ. ಒಂದು ಅಥವಾ ಮೂರು ಅಕ್ಷ ತಿರುಗಿದರೆ ಕನ್ನಡಿ ಬಿಂಬ. ದಾರಿಯಲ್ಲಿ ಎಷ್ಟು ಸಲ ತಿರುಗಿದೆ ಎಂಬ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಂ6 ಅಳತೆಯ ನೈಲಾನ್ ಸ್ಕ್ರೂ ಒಂದನ್ನು ಮಾದರಿಯ ಪಕ್ಕ ನೆಟ್ಟಗೆ, ಎಕ್ಸ್‌ರೇ ಕ್ಷೇತ್ರದೊಳಗೆ ಬರುವಂತೆ ಸಿಕ್ಕಿಸಿ. ಮಾಮೂಲಿ ಸ್ಕ್ರೂವಿನ ಮರೆ, ಅಂದರೆ ಸುತ್ತಿಕೊಂಡು ಹೋಗುವ ಎಳೆ, ಬಲಗೈಯದು: ನೆಟ್ಟಗೆ ಹಿಡಿದರೆ ಎದುರಿಗೆ ಕಾಣುವ ಎಳೆಗಳು ಎಡದಿಂದ ಬಲಕ್ಕೆ ಏರುತ್ತವೆ. ಸ್ಕ್ರೂ ತಲೆಕೆಳಗಾದರೂ ಇದು ಬದಲಾಗುವುದಿಲ್ಲ, ಕನ್ನಡಿಯಲ್ಲಿ ಮಾತ್ರ ಬದಲಾಗುತ್ತದೆ. ಮೂರು ಆಯಾಮದ ಚಿತ್ರದಲ್ಲಿ ಎಳೆಗಳು ಬಲದಿಂದ ಎಡಕ್ಕೆ ಏರುವಂತೆ ಕಂಡರೆ ಡೇಟಾ ಕನ್ನಡಿ ಬಿಂಬವಾಗಿದೆ ಎಂದು ತಿಳಿಯಿರಿ. ಇದೇ ಸ್ಕ್ರೂ ಇನ್ನೊಂದು ಕೆಲಸಕ್ಕೂ ಆಗುತ್ತದೆ. ಎಂ6ರ ಸಾಮಾನ್ಯ ಮರೆಯಲ್ಲಿ ಎಳೆಯಿಂದ ಎಳೆಗೆ 1 ಮಿ.ಮೀ.; ಹತ್ತು ಎಳೆಗೆ 10 ಮಿ.ಮೀ., ಅಂದರೆ ನಮ್ಮ ಸ್ಕ್ಯಾನಿನಲ್ಲಿ ಸರಿಯಾಗಿ 100 ಸ್ಲೈಸ್ ಬರಬೇಕು. 50 ಬಂದರೆ ಎಲ್ಲೋ ಬಿನ್ನಿಂಗ್ (ಪಕ್ಕಪಕ್ಕದವನ್ನು ಸೇರಿಸಿ ಒಂದು ಮಾಡುವುದು) ಆಗಿದೆ, ವಾಕ್ಸೆಲ್ ಅಂಕಿ ಹಳೆಯದೇ ಉಳಿದಿದೆ ಎಂದರ್ಥ. ಉಕ್ಕಿನ ಸ್ಕ್ರೂ ಮಾತ್ರ ಬೇಡ, ಅದರ ಸುತ್ತ ಹಬ್ಬುವ ಗೆರೆಗಳು ಮಾದರಿಯ ಚಿತ್ರವನ್ನೂ ಕೆಡಿಸುತ್ತವೆ.

ಪದಬಳಕೆಯ ವಿಷಯದಲ್ಲೂ ಎಚ್ಚರ ಬೇಕು. ಜೀವಶಾಸ್ತ್ರದವರು ಸುರುಳಿಯ ತುದಿಯನ್ನು ಮೇಲೆ ಮಾಡಿ, ಬಾಯಿಯನ್ನು ತಮ್ಮ ಕಡೆ ತಿರುಗಿಸಿ ನೋಡುತ್ತಾರೆ. ಬಾಯಿ ಬಲಕ್ಕಿದ್ದರೆ ಡೆಕ್ಸ್‌ಟ್ರಲ್, ಎಡಕ್ಕಿದ್ದರೆ ಸಿನಿಸ್ಟ್ರಲ್. ಸಾಮಾನ್ಯ ಶಂಖಗಳು ಡೆಕ್ಸ್‌ಟ್ರಲ್. ಪೂಜೆಯವರು ‘ಬಲಮುರಿ’ ಎಂದು ಹುಡುಕುವ ಅಪರೂಪದ ಶಂಖ ಜೀವಶಾಸ್ತ್ರದ ಲೆಕ್ಕದಲ್ಲಿ ಸಿನಿಸ್ಟ್ರಲ್, ಏಕೆಂದರೆ ಅವರು ಹಿಡಿಯುವುದು ತುದಿಯನ್ನು ಕೆಳಗೆ ಮಾಡಿ. ಆದ್ದರಿಂದ ವಿವರಣೆಯಲ್ಲಿ ‘ಬಲಮುರಿ’ ಎಂದಷ್ಟೇ ಬರೆದರೆ ಓದುವವರಲ್ಲಿ ಅರ್ಧ ಮಂದಿ ತಪ್ಪಾಗಿ ತಿಳಿಯುತ್ತಾರೆ. ‘ಸುರುಳಿ ತುದಿ ಮೇಲೆ, ಬಾಯಿ ನೋಡುವವರ ಬಲಕ್ಕೆ’ ಎಂದು ಬಿಡಿಸಿ ಬರೆಯಿರಿ. ಕನ್ನಡಿ ಬಿಂಬವಾದ ಸಾಮಾನ್ಯ ಶಂಖದ ಸ್ಕ್ಯಾನ್, ನೋಡುವವರಿಗೆ ಲಕ್ಷಕ್ಕೊಂದು ಸಿಗುವ ಶಂಖದಂತೆ ಕಾಣುತ್ತದೆ!

ಬೂದು ಅಂಕಿಗಳ ಅರ್ಥ

ಎಕ್ಸ್‌ರೇ ಚಿತ್ರಗಳಿಂದ ಸ್ಲೈಸ್‌ಗಳನ್ನು ಕಟ್ಟುವ ಪುನರ್ರಚನೆಯ ತಂತ್ರಾಂಶ ಸಾಮಾನ್ಯವಾಗಿ 32 ಬಿಟ್ ದಶಮಾಂಶ ಅಂಕಿಗಳನ್ನು ಕೊಡುತ್ತದೆ. ಅವು ಎಕ್ಸ್‌ರೇಯನ್ನು ಪದಾರ್ಥ ಎಷ್ಟು ತಡೆಯಿತು ಎಂಬ ಅಳತೆ. ಜಾಗ ಉಳಿಸಲು ಅವನ್ನು 16 ಬಿಟ್‌ಗೆ ಇಳಿಸುತ್ತೇವೆ, ಅದರಲ್ಲಿ ತಪ್ಪಿಲ್ಲ. ಆದರೆ ಇಳಿಸುವಾಗ ಯಾವ ಕನಿಷ್ಠ, ಯಾವ ಗರಿಷ್ಠ ಎಂದು ಬರೆದಿಡದಿದ್ದರೆ ಹಿಂದಿರುಗುವ ದಾರಿ ಮುಚ್ಚುತ್ತದೆ.

ನಮ್ಮ ಶಂಖಕ್ಕೆ ಕನಿಷ್ಠ −0.01, ಗರಿಷ್ಠ 0.09 (ಪ್ರತಿ ಮಿ.ಮೀ.ಗೆ) ಎಂದು ಇಟ್ಟರೆ ವ್ಯಾಪ್ತಿ 0.10. ಹಿಂದಿರುಗುವ ಸೂತ್ರ: ಬೂದು ಅಂಕಿಯನ್ನು 0.10ರಿಂದ ಗುಣಿಸಿ, 65,535ರಿಂದ ಭಾಗಿಸಿ, −0.01 ಕೂಡಿಸಿ. 40,000 ಎಂಬ ಬೂದು ಅಂಕಿ ಆಗ ಸುಮಾರು 0.051. ಗಾಳಿ ಸೊನ್ನೆಯಾದ್ದರಿಂದ ಅದು 6,554ರ ಆಸುಪಾಸಿನಲ್ಲಿ ಬೀಳಬೇಕು. ಇದು ಒಳ್ಳೆಯ ತಪಾಸಣೆ: ಚಿತ್ರದ ಮೂಲೆಯ ಖಾಲಿ ಜಾಗದ ಸರಾಸರಿ ನೋಡಿ, ಅಲ್ಲಿಂದ ಬಹಳ ದೂರ ಹೋಗಿದ್ದರೆ ಬರೆದಿಟ್ಟ ಕನಿಷ್ಠ ಗರಿಷ್ಠ ಈ ಡೇಟಾದ್ದಲ್ಲ. ಕನಿಷ್ಠವನ್ನು ಸೊನ್ನೆಗಿಂತ ಕೆಳಗಿಡುವುದೂ ಇದಕ್ಕೇ. ಗಾಳಿಯ ಗದ್ದಲದಲ್ಲಿ ಅರ್ಧ ಋಣ ಅಂಕಿಗಳೇ ಇರುತ್ತವೆ, ಸೊನ್ನೆಯಲ್ಲಿ ಕತ್ತರಿಸಿದರೆ ಸರಾಸರಿ ಮೇಲಕ್ಕೆ ಸರಿಯುತ್ತದೆ.

ತಂತ್ರಾಂಶದ ‘ಆಟೋ’ ಗುಂಡಿಯನ್ನು ನಂಬಬೇಡಿ. ಅದು ಪ್ರತಿ ಮಾದರಿಗೂ ಬೇರೆ ಬೇರೆ ಕನಿಷ್ಠ ಗರಿಷ್ಠ ಹುಡುಕುತ್ತದೆ. ಚಿಪ್ಪಿನೊಳಗೆ ಕಬ್ಬಿಣದ ಒಂದು ಮರಳುಕಣ ಸಿಕ್ಕಿಕೊಂಡಿದ್ದರೂ ಗರಿಷ್ಠ ಮೇಲಕ್ಕೆ ಹಾರಿ, ಚಿಪ್ಪಿನ ಬಣ್ಣವೆಲ್ಲ ಕೆಳಗೆ ಕುಸಿಯುತ್ತದೆ. ಒಂದು ಸರಣಿಯಲ್ಲಿ 20 ಶಂಖಗಳಿದ್ದರೆ ಇಪ್ಪತ್ತಕ್ಕೂ ಒಂದೇ ವ್ಯಾಪ್ತಿ ಇಡಿ. 8 ಬಿಟ್ ಎಂದರೆ 256 ಮೆಟ್ಟಿಲು ಮಾತ್ರ. ನೋಡಲಿಕ್ಕೆ ಸಾಕು, ಅಳೆಯಲಿಕ್ಕೆ ಸಾಲದು. ಜೆಪೆಗ್ ಅಂತೂ ಸ್ಲೈಸ್‌ಗಳಿಗೆ ಬೇಡವೇ ಬೇಡ, ಅಂಚುಗಳ ಸುತ್ತ ಅದು ಇಲ್ಲದ್ದನ್ನು ಸೃಷ್ಟಿಸುತ್ತದೆ.

16 ಜಿಬಿಯನ್ನು ಇಳಿಸಿಕೊಳ್ಳುವವರು ಯಾರು?

2000×2000×2000 ವಾಕ್ಸೆಲ್, ಒಂದಕ್ಕೆ 2 ಬೈಟ್, ಒಟ್ಟು 16 ಜಿಬಿ. ಸೆಕೆಂಡಿಗೆ 10 ಮೆಗಾಬಿಟ್ ಬರುವ ಸಂಪರ್ಕದಲ್ಲಿ ಇದು ಇಳಿಯಲು ಮೂರೂವರೆ ಗಂಟೆ ಬೇಕು, ಅದೂ ನಡುವೆ ಕರೆಂಟ್ ಹೋಗದಿದ್ದರೆ. ಇಳಿಸಿಕೊಂಡರೂ 8 ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ತೆರೆಯುವುದಿಲ್ಲ. ವಿದ್ಯಾರ್ಥಿಗಳ ಕೈಯಲ್ಲಿರುವುದು ಅಂಥದ್ದೇ.

ಮೊದಲು ಗಾಳಿಯನ್ನು ಕತ್ತರಿಸಿ. ಶಂಖದ ಸುತ್ತ ಎಲ್ಲ ಕಡೆ 5 ಮಿ.ಮೀ. ಅಂಚು ಬಿಟ್ಟರೆ 90×90×160 ಮಿ.ಮೀ.ನ ಪೆಟ್ಟಿಗೆ ಸಾಕು, ಅಂದರೆ 900×900×1600 ವಾಕ್ಸೆಲ್. 16 ಜಿಬಿ ಈಗ 2.6 ಜಿಬಿ, ಒಂದು ವಾಕ್ಸೆಲಿನ ಮಾಹಿತಿಯೂ ಹೋಗಿಲ್ಲ. ಅಂಚನ್ನು ಪೂರ್ತಿ ಒರೆಸಬೇಡಿ, ಮೇಲೆ ಹೇಳಿದ ಗಾಳಿಯ ತಪಾಸಣೆಗೆ ಅದು ಬೇಕು. ಸ್ಕ್ರೂವನ್ನೂ ಈ ಪೆಟ್ಟಿಗೆಯೊಳಗೇ ಬರುವಂತೆ ಮೊದಲೇ ಹತ್ತಿರ ಇಟ್ಟಿರಬೇಕು. ಶಂಖದ ಗಾತ್ರ ತುದಿಯ ಕಡೆ ಸಣ್ಣದಾಗುವುದರಿಂದ ಅಲ್ಲಿ ಜಾಗ ಸಿಗುತ್ತದೆ.

ಆಮೇಲೆ ಮೂರು ಅಂತಸ್ತು ಮಾಡಿ. ಪೂರ್ಣ ಡೇಟಾ 2.6 ಜಿಬಿ. ಪ್ರತಿ ದಿಕ್ಕಿನಲ್ಲೂ ಅರ್ಧಕ್ಕೆ ಇಳಿಸಿದ್ದು 324 ಎಂಬಿ. ಎರಡೆರಡನ್ನು ಸೇರಿಸಿದರೆ ಗಾತ್ರ ಎಂಟನೇ ಒಂದಾಗುತ್ತದೆ. ಕಾಲು ಭಾಗಕ್ಕೆ ಇಳಿಸಿದ್ದು ಸುಮಾರು 40 ಎಂಬಿ, ಫೋನಿನ ಹಾಟ್‌ಸ್ಪಾಟಿನಲ್ಲೂ ಅರ್ಧ ನಿಮಿಷದಲ್ಲಿ ಬರುತ್ತದೆ. ಇಳಿಸುವಾಗ ಒಂದು ಬಿಟ್ಟು ಒಂದು ಸ್ಲೈಸ್ ಎಸೆಯುವುದಲ್ಲ, ಪಕ್ಕದವುಗಳ ಸರಾಸರಿ ತೆಗೆಯಬೇಕು. ಮತ್ತು ಪ್ರತಿ ಅಂತಸ್ತಿನ ಹೆಸರಿನಲ್ಲೇ ವಾಕ್ಸೆಲ್ ಇರಲಿ: 100, 200, 400 ಮೈಕ್ರೋಮೀಟರ್.

ಫೋಲ್ಡರಿನ ಹೆಸರಿನಲ್ಲಿ ವಾಕ್ಸೆಲ್ ಏಕೆ? ಟಿಫ್ ಮಾನಕದಲ್ಲಿ ಅಡ್ಡ ಮತ್ತು ಉದ್ದದ ರೆಸಲ್ಯೂಷನ್‌ಗೆ ಜಾಗವಿದೆ, ಸ್ಲೈಸ್‌ಗಳ ನಡುವಿನ ಅಂತರಕ್ಕೆ ಇಲ್ಲ. ಏಕಮಾನವೂ ಇಂಚು ಅಥವಾ ಸೆಂಟಿಮೀಟರ್ ಮಾತ್ರ. ಇಮೇಜ್‌ಜೆ ಎಂಬ ಚಿತ್ರ ತಂತ್ರಾಂಶ ಬರೆದದ್ದನ್ನು ಇಮೇಜ್‌ಜೆ ಓದಿಕೊಳ್ಳುತ್ತದೆ, ಬೇರೆ ತಂತ್ರಾಂಶ ‘1 ಪಿಕ್ಸೆಲ್’ ಎನ್ನುತ್ತದೆ. ಸಣ್ಣ ಅಂತಸ್ತುಗಳಿಗೆ ಎನ್‌ಆರ್‌ಆರ್‌ಡಿ ಅಥವಾ ನಿಫ್ಟಿ ರೂಪ ವಾಸಿ, ಮೂರೂ ಅಂತರ ಫೈಲಿನ ತಲೆಯಲ್ಲೇ (ಹೆಡರ್) ಇರುತ್ತದೆ. ತಲೆಯೇ ಇಲ್ಲದ ‘ರಾ’ ಫೈಲನ್ನು ಹಂಚಲೇಬೇಕಾದರೆ ಅಗಲ, ಎತ್ತರ, ಸ್ಲೈಸ್ ಸಂಖ್ಯೆ, ಬಿಟ್, ಬೈಟ್ ಕ್ರಮ ಐದನ್ನೂ ಬರೆಯಿರಿ. ನಮ್ಮ ಪೆಟ್ಟಿಗೆಯ ರಾ ಫೈಲ್ ಸರಿಯಾಗಿ 2,59,20,00,000 ಬೈಟ್ ಇರಬೇಕು. ಒಂದು ಬೈಟ್ ಆಚೀಚೆಯಾದರೂ ಏನೋ ತಪ್ಪಿದೆ.

ಇಳಿಸಿಕೊಳ್ಳದೆ ಬ್ರೌಸರಿನಲ್ಲೇ ನೋಡುವ ಹಾಗೆ ಮಾಡಬೇಕೆಂದರೆ ಈಗ ಓಎಂಇ-ಝಾರ್ ರೂಪ ಇದೆ. ಅದು ಡೇಟಾವನ್ನು ಸಣ್ಣ ಘನಗಳಾಗಿ ತುಂಡರಿಸಿ, ಎಲ್ಲ ಅಂತಸ್ತುಗಳನ್ನೂ ಒಟ್ಟಿಗೆ ಇಟ್ಟುಕೊಳ್ಳುತ್ತದೆ. ನ್ಯೂರೋಗ್ಲ್ಯಾನ್ಸರ್‌ನಂಥ ವೀಕ್ಷಕ ಕಣ್ಣ ಮುಂದಿರುವ ತುಂಡುಗಳನ್ನಷ್ಟೇ ತರಿಸುತ್ತದೆ. ಕೆಳಗಿನ ಅಂತಸ್ತುಗಳೆಲ್ಲ ಸೇರಿ ಹೆಚ್ಚುವ ಗಾತ್ರ ಮೂಲದ ಏಳನೇ ಒಂದು ಭಾಗ, ದುಬಾರಿಯೇನಲ್ಲ. ತುಂಡು 128 ವಾಕ್ಸೆಲಿನ ಘನವಾದರೆ 16 ಬಿಟ್‌ನಲ್ಲಿ ಒಂದೊಂದು 4 ಎಂಬಿ ಆಸುಪಾಸು. ಇಲ್ಲೊಂದು ಸಣ್ಣ ಜಿಪುಣತನ: 900ರ ಅಗಲಕ್ಕೆ ಎಂಟು ತುಂಡು ಬೇಕು, ಎಂಟನೆಯದರಲ್ಲಿ ಇರುವುದು ನಾಲ್ಕೇ ವಾಕ್ಸೆಲ್. ಗಾಳಿಯ ಅಂಚಿನಿಂದ ಆ ನಾಲ್ಕನ್ನು ತೆಗೆದು 896 ಮಾಡಿ, ಏಳೇ ತುಂಡು ಸಾಕು. ಒಟ್ಟು 832ರ ಬದಲು 637.

ಮೇಲ್ಮೈಯ ಮೆಶ್ (ತ್ರಿಕೋನಗಳಿಂದ ಹೆಣೆದ ಬಲೆ) ಮಾಡಿ ಕೊಡುವುದು ಶಾಲೆಗಳಿಗೆ ಬಹಳ ಉಪಯೋಗ. 3ಡಿ ಅಚ್ಚು ಹಾಕಿಸಿ ಕೈಗೆ ಕೊಟ್ಟರೆ ಕಣ್ಣು ಕಾಣದ ಮಕ್ಕಳೂ ಸುರುಳಿಯನ್ನು ಮುಟ್ಟಿ ತಿಳಿಯಬಹುದು. 5 ಲಕ್ಷ ತ್ರಿಕೋನಗಳ ಮೆಶ್, ಬೈನರಿ ಎಸ್‌ಟಿಎಲ್ ಫೈಲ್ ಆಗಿ, 25 ಎಂಬಿ, ಅಷ್ಟು ಸಾಕು. ಎಸ್‌ಟಿಎಲ್‌ನಲ್ಲಿ ಏಕಮಾನ ಇರುವುದಿಲ್ಲ, ಮಿ.ಮೀ.ನಲ್ಲಿ ರಫ್ತು ಮಾಡಿ, ಹೆಸರಿನಲ್ಲಿ ‘ಎಂಎಂ’ ಎಂದು ಸೇರಿಸಿ. ಮೆಶ್ ಎಂಬುದು ನೀವು ಆರಿಸಿದ ಒಂದು ಬೂದುಮಟ್ಟದ ತೀರ್ಮಾನ, ಆದ್ದರಿಂದ ಆ ಮಟ್ಟವನ್ನೂ ಬರೆಯಿರಿ.

ಮೂಲ ಪ್ರೊಜೆಕ್ಷನ್‌ಗಳನ್ನು, ಅಂದರೆ ಮಾದರಿಯನ್ನು ತಿರುಗಿಸುತ್ತ ತೆಗೆದ ಎಕ್ಸ್‌ರೇ ಚಿತ್ರಗಳನ್ನು, ಎಸೆಯಬೇಕೇ? 2000 ಪ್ರೊಜೆಕ್ಷನ್‌ಗೆ 16 ಜಿಬಿ. ಪುನರ್ರಚನೆಯ ವಿಧಾನಗಳು ಸುಧಾರಿಸುತ್ತಲೇ ಇವೆ, ಇಂದು ಉಂಗುರದ ಕಲೆಯಿರುವ ಸ್ಕ್ಯಾನ್ ನಾಳೆ ಶುದ್ಧವಾಗಬಹುದು. ನಮ್ಮ ಅಭಿಪ್ರಾಯದಲ್ಲಿ ಮತ್ತೆ ಸಿಗದ ಮಾದರಿಯಾದರೆ ಇಟ್ಟುಕೊಳ್ಳಿ, ಸಾವಿರಾರು ಸಿಗುವಂಥದ್ದಾದರೆ ಬೇಡ. ಇಡುವುದಾದರೆ ಕತ್ತಲ ಚಿತ್ರ (ಎಕ್ಸ್‌ರೇ ಆರಿಸಿ ತೆಗೆದದ್ದು) ಮತ್ತು ಖಾಲಿ ಬೆಳಕಿನ ಚಿತ್ರಗಳ (ಮಾದರಿ ಇಲ್ಲದೆ ತೆಗೆದದ್ದು) ಸಮೇತ ಇಡಿ, ಅವಿಲ್ಲದ ಪ್ರೊಜೆಕ್ಷನ್ ಅರ್ಧ ಡೇಟಾ. ಎನ್‌ಎಕ್ಸ್‌ಟೋಮೋ ಎಂಬ ಎಚ್‌ಡಿಎಫ್5 ಫೈಲ್ ವಿನ್ಯಾಸದಲ್ಲಿ ಮೂರೂ ಒಂದೇ ಸಾಲಿನಲ್ಲಿ ಕೂರುತ್ತವೆ. ಪ್ರತಿ ಚಿತ್ರಕ್ಕೂ ಒಂದು ಕೀಲಿ ಅಂಕಿ, ಪ್ರೊಜೆಕ್ಷನ್‌ಗೆ 0, ಬೆಳಕಿಗೆ 1, ಕತ್ತಲಿಗೆ 2.

ಮಾಹಿತಿ ಫೈಲ್

ಒಂದು ಸಾದಾ ಪಠ್ಯ ಫೈಲ್ ಮನುಷ್ಯರಿಗೆ, ಅದೇ ವಿಷಯದ ಒಂದು ಜೇಸನ್ ಅಥವಾ ಸಿಎಸ್‌ವಿ ಫೈಲ್ ಕಂಪ್ಯೂಟರಿಗೆ. ಎರಡನೆಯದರಲ್ಲಿ ಅಂಶಗಳ ಹೆಸರು ಇಂಗ್ಲಿಷಿನಲ್ಲೇ ಇರಲಿ. ಪಠ್ಯದಲ್ಲಿ ಇಷ್ಟಾದರೂ ಇರಬೇಕು:

ಮಾದರಿ: ಟರ್ಬಿನೆಲ್ಲಾ ಪೈರಮ್, ಒಣ ಚಿಪ್ಪು, ಸಂಗ್ರಹ ಸಂಖ್ಯೆ 0012
ಸ್ಕ್ಯಾನ್ ದಿನಾಂಕ: 2024-04-03
ಮೂಲ: 160 ಕಿಲೋವೋಲ್ಟ್, 200 ಮೈಕ್ರೋಆಂಪಿಯರ್, ಫಿಲ್ಟರ್ ತಾಮ್ರ 0.5 ಮಿ.ಮೀ.
ಪ್ರೊಜೆಕ್ಷನ್: 2000, ಪೂರ್ತಿ 360 ಡಿಗ್ರಿ, ತಲಾ 500 ಮಿಲಿಸೆಕೆಂಡ್, 3ರ ಸರಾಸರಿ
ದೂರ: ಮೂಲದಿಂದ ಮಾದರಿಗೆ 500, ಡಿಟೆಕ್ಟರಿಗೆ 1000 ಮಿ.ಮೀ.; ಪಿಕ್ಸೆಲ್ 0.2 ಮಿ.ಮೀ.
ವಾಕ್ಸೆಲ್: 0.1×0.1×0.1 ಮಿ.ಮೀ.
ಪುನರ್ರಚನೆ: ತಂತ್ರಾಂಶ ಮತ್ತು ಆವೃತ್ತಿ, ತಿರುಗುವ ಅಕ್ಷ ಎಷ್ಟು ಸರಿದಿದೆ, ಉಂಗುರ ಮತ್ತು ಬೀಮ್ ಹಾರ್ಡನಿಂಗ್ ತಿದ್ದುಪಡಿಯ ಅಂಕಿಗಳು
ಬೂದು: 16 ಬಿಟ್, 0 = −0.01, 65,535 = 0.09 ಪ್ರತಿ ಮಿ.ಮೀ.
ದಿಕ್ಕು: ಸ್ಲೈಸ್ 0001 ಸುರುಳಿ ತುದಿಯ ಕಡೆ, ಬಲಮರೆಯ ಸ್ಕ್ರೂ ಇದೆ, ನೋಡಿ ಖಚಿತಪಡಿಸಲಾಗಿದೆ
ಲೈಸೆನ್ಸ್: ಸಿಸಿ ಬೈ 4.0

ದಿನಾಂಕ ವರ್ಷದಿಂದಲೇ ಶುರುವಾಗಲಿ. 03/04/2024 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಸ್ಲೈಸ್ ಸಂಖ್ಯೆಗೆ ನಾಲ್ಕಂಕಿ ಇರಲಿ. ಸೊನ್ನೆ ತುಂಬದಿದ್ದರೆ ಕೆಲವು ತಂತ್ರಾಂಶಗಳು 1, 10, 100, 1000, 1001 ಎಂಬ ಕ್ರಮದಲ್ಲಿ ಓದಿ ಶಂಖವನ್ನು ಚೂರುಚೂರು ಜೋಡಿಸುತ್ತವೆ. ಕೋಷ್ಟಕವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸುವ ಮುನ್ನ ಸಂಗ್ರಹ ಸಂಖ್ಯೆಯ ಕಾಲಂ ‘ಟೆಕ್ಸ್ಟ್’ ಆಗಿದೆಯೇ ನೋಡಿ, ಇಲ್ಲದಿದ್ದರೆ 0012 ಎಂಬುದು 12 ಆಗುತ್ತದೆ, 2-5 ಎಂಬ ಸಂಖ್ಯೆ ದಿನಾಂಕವಾಗುತ್ತದೆ.

ಸಿಕ್ಕಿದ ಜಾಗದ ಅಕ್ಷಾಂಶ ರೇಖಾಂಶವನ್ನು ಎಲ್ಲಕ್ಕೂ ಪೂರ್ತಿ ಕೊಡಬೇಕಿಲ್ಲ. ಕಳ್ಳ ಸಂಗ್ರಹಕ್ಕೆ ತುತ್ತಾಗುವ ಕಪ್ಪೆ, ಆರ್ಕಿಡ್‌ಗಳಿಗೆ 0.1 ಡಿಗ್ರಿಗೆ ದುಂಡುಮಾಡಿ ಕೊಡಿ, ಅಂದರೆ ಸುಮಾರು 11 ಕಿ.ಮೀ. ಮಬ್ಬು. ಮಬ್ಬಾಗಿಸಿದ್ದೇವೆ ಎಂದು ಮಾತ್ರ ಬರೆಯಲೇಬೇಕು. ಮನುಷ್ಯರ ಸ್ಕ್ಯಾನ್ ಬೇರೆಯೇ ವಿಷಯ: ಆಸ್ಪತ್ರೆಯ ಸ್ಕ್ಯಾನ್‌ಗಳ ಡೈಕಾಮ್ ಫೈಲಿನ ತಲೆಯಲ್ಲಿ ರೋಗಿಯ ಹೆಸರಿರುತ್ತದೆ, ಹೆಸರು ಅಳಿಸಿದರೂ ತಲೆಯ ಸ್ಕ್ಯಾನಿನಿಂದ ಮುಖವನ್ನೇ ಕಟ್ಟಬಹುದು. ನೈತಿಕ ಸಮಿತಿಯ ಅನುಮತಿಯಿಲ್ಲದೆ ಅವುಗಳನ್ನು ಹಂಚುವಂತಿಲ್ಲ.

ಕನ್ನಡದಲ್ಲಿ ವಿವರಣೆ

ಇಂಗ್ಲಿಷ್ ಶೀರ್ಷಿಕೆಯ ಜೊತೆ ಕನ್ನಡದ್ದನ್ನೂ ಸೇರಿಸಿ. ಭಂಡಾರಗಳು ಡೇಟಾ ವಿವರಕ್ಕೆ ಬಳಸುವ ಡೇಟಾಸೈಟ್ ಮಾನಕದಲ್ಲಿ ಅನುವಾದಿತ ಶೀರ್ಷಿಕೆಗೂ ಅದರ ಭಾಷೆಗೂ ಜಾಗವಿದೆ. ‘ಶಂಖ’ ಎಂದು ಹುಡುಕುವ ಮೇಷ್ಟರಿಗೆ ‘ಟರ್ಬಿನೆಲ್ಲಾ’ ಗೊತ್ತಿರಬೇಕಿಲ್ಲ. ಪಠ್ಯ ಯೂನಿಕೋಡಿನಲ್ಲೇ ಇರಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದನ್ನು ಅಂಟಿಸಿದರೆ ಭಂಡಾರದಲ್ಲಿ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ, ಹುಡುಕಾಟಕ್ಕೂ ಸಿಗುವುದಿಲ್ಲ.

ಆದರೆ ಫೈಲಿನ ಹೆಸರು ಮಾತ್ರ ಕನ್ನಡದಲ್ಲಿ ಬೇಡ, ಅಭಿಮಾನದ ಮಾತಲ್ಲ ಇದು. ‘ಕೊಂಬು’ ಪದದ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಫೈಲ್. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ರೂಪ ಬದಲಾದರೆ ‘ಫೈಲ್ ಸಿಗಲಿಲ್ಲ’ ಎನ್ನುತ್ತದೆ, ಫೈಲ್ ಎದುರಿಗೇ ಇರುತ್ತದೆ. ಹೆಸರಿಗೆ ರೋಮನ್ ಸಣ್ಣಕ್ಷರ, ಅಂಕಿ, ಅಡಿಗೆರೆ ಇಷ್ಟೇ ಸಾಕು.

ಎಲ್ಲಿ ಇಡುವುದು

ಗೂಗಲ್ ಡ್ರೈವ್ ಕೊಂಡಿ ಭಂಡಾರವಲ್ಲ, ಖಾತೆ ಮುಚ್ಚಿದ ದಿನ ಅದೂ ಹೋಗುತ್ತದೆ. ಬೇಕಾದ್ದು ಡಿಓಐ, ಅಂದರೆ ಡೇಟಾಗೆ ಬದಲಾಗದ ಶಾಶ್ವತ ಗುರುತು, ಕೊಡುವ ಜಾಗ. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್ ನಡೆಸುವ ಝೆನೋಡೋ ಯಾವ ವಿಷಯದ ಡೇಟಾವನ್ನಾದರೂ ಉಚಿತವಾಗಿ ತೆಗೆದುಕೊಳ್ಳುತ್ತದೆ. ಸಾಮಾನ್ಯ ಮಿತಿ ಒಂದು ದಾಖಲೆಗೆ 50 ಜಿಬಿ, 100 ಫೈಲ್. ನಮ್ಮ 1600 ಟಿಫ್‌ಗಳು ಬಿಡಿಬಿಡಿಯಾಗಿ ಹೋಗುವುದಿಲ್ಲ, ಅಂತಸ್ತಿಗೊಂದು ಜಿಪ್ ಮಾಡಿ. ಮಾಹಿತಿ ಫೈಲನ್ನು ಮಾತ್ರ ಜಿಪ್ಪಿನೊಳಗೂ ಹೊರಗೂ ಇಡಿ, 2.6 ಜಿಬಿ ಇಳಿಸಿದ ಮೇಲಷ್ಟೇ ವಾಕ್ಸೆಲ್ ತಿಳಿಯುವಂತಾಗಬಾರದು. ಪ್ರಾಣಿ, ಸಸ್ಯ, ಪಳೆಯುಳಿಕೆಗಳಿಗೆ ಡ್ಯೂಕ್ ವಿಶ್ವವಿದ್ಯಾಲಯದ ಮಾರ್ಫೋಸೋರ್ಸ್ ಹೆಚ್ಚು ಹೊಂದುತ್ತದೆ, ಅಲ್ಲಿ ಮೊದಲು ಭೌತಿಕ ಮಾದರಿಗೆ ದಾಖಲೆ, ಆಮೇಲೆ ಅದಕ್ಕೆ ಸ್ಕ್ಯಾನ್‌ಗಳನ್ನು ಕಟ್ಟುವುದು. 2017ರಿಂದ 2023ರವರೆಗೆ ಅಮೆರಿಕದ ಓವರ್ಟ್ ಯೋಜನೆ 13,000ಕ್ಕೂ ಹೆಚ್ಚು ಕಶೇರುಕ ಮಾದರಿಗಳ ಸ್ಕ್ಯಾನ್ ಇಟ್ಟದ್ದು ಇಲ್ಲೇ. ಸರಂಧ್ರ ಕಲ್ಲುಗಳಿಗೆ ಡಿಜಿಟಲ್ ಪೋರಸ್ ಮೀಡಿಯಾ ಪೋರ್ಟಲ್ (ಹಿಂದಿನ ಹೆಸರು ಡಿಜಿಟಲ್ ರಾಕ್ಸ್ ಪೋರ್ಟಲ್), ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಟೋಮೋಗ್ರಫಿಗೆ ಎಂಪಿಯರ್.

ಲೈಸೆನ್ಸ್ ಆರಿಸುವಾಗ ‘ವಾಣಿಜ್ಯ ಬಳಕೆ ಇಲ್ಲ’ ಎಂಬುದರತ್ತ ಕೈ ತಾನಾಗಿ ಹೋಗುತ್ತದೆ. ಅದನ್ನು ಹಾಕಿದರೆ ವಿಕಿಮೀಡಿಯ ಕಾಮನ್ಸ್‌ಗೆ ಹೋಗುವುದಿಲ್ಲ, ಆದ್ದರಿಂದ ಕನ್ನಡ ವಿಕಿಪೀಡಿಯದ ಶಂಖದ ಪುಟಕ್ಕೂ ಇಲ್ಲ. ಮಾರಾಟವಾಗುವ ಪಠ್ಯಪುಸ್ತಕದವರೂ ಹಿಂಜರಿಯುತ್ತಾರೆ. ಸಿಸಿ ಬೈ (ಹೆಸರು ಹೇಳಿ ಯಾರೂ ಬಳಸಬಹುದು) ಅಥವಾ ಸಿಸಿ0 (ಯಾವ ಷರತ್ತೂ ಇಲ್ಲ) ಸಾಕು. ಮಾದರಿ ಮ್ಯೂಸಿಯಂನದಾದರೆ ಅವರ ಲಿಖಿತ ಒಪ್ಪಿಗೆ ಮೊದಲು.

ಏರಿಸುವ ಮುನ್ನ ಪ್ರತಿ ಜಿಪ್ಪಿಗೂ ಷಾ256 ಮೊತ್ತ (ಫೈಲ್ ಒಂಚೂರು ಬದಲಾದರೂ ಬದಲಾಗುವ ಗುರುತು) ತೆಗೆದು ಪಟ್ಟಿ ಮಾಡಿ. ವಿಂಡೋಸಿನಲ್ಲಿ ಸರ್ಟ್‌ಯುಟಿಲ್, ಲಿನಕ್ಸಿನಲ್ಲಿ ಷಾ256ಸಮ್, ಎರಡೂ ಮೊದಲೇ ಇರುತ್ತವೆ. ಝೆನೋಡೋದಲ್ಲಿ ಪ್ರಕಟಿಸುವ ಮೊದಲೇ ಡಿಓಐ ಕಾದಿರಿಸಬಹುದು, ಅದನ್ನು ಮಾಹಿತಿ ಫೈಲಿನೊಳಗೆ ಬರೆದು ಆಮೇಲೆ ಜಿಪ್ ಮಾಡಿ. ಪ್ರಕಟವಾದ ಫೈಲನ್ನು ಬದಲಿಸುವ ಬದಲು ಹೊಸ ಆವೃತ್ತಿ ಏರಿಸಬೇಕು, ಅದಕ್ಕೆ ಹೊಸ ಡಿಓಐ ಬರುತ್ತದೆ. ಎಲ್ಲ ಆವೃತ್ತಿಗಳಿಗೂ ಸೇರಿದ ಇನ್ನೊಂದು ಡಿಓಐ ಇರುತ್ತದೆ. ಲೇಖನದಲ್ಲಿ ಉಲ್ಲೇಖಿಸುವಾಗ ಬಳಸಿದ ಆವೃತ್ತಿಯದನ್ನೇ ಕೊಡಿ.

ಪ್ರಕಟಿಸುವ ಗುಂಡಿ ಒತ್ತುವ ಮುನ್ನ ಒಂದು ಪರೀಕ್ಷೆ. ಈ ಸ್ಕ್ಯಾನಿನ ಗಂಧಗಾಳಿಯಿಲ್ಲದ ಒಬ್ಬರಿಗೆ 200 ಮೈಕ್ರೋಮೀಟರಿನ ಅಂತಸ್ತನ್ನೂ ಮಾಹಿತಿ ಫೈಲನ್ನೂ ಪೆನ್ ಡ್ರೈವಿನಲ್ಲಿ ಕೊಡಿ. ಅವರು ಫಿಜಿ ಅಥವಾ 3ಡಿ ಸ್ಲೈಸರ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಲಿ, ನೀವು ಪಕ್ಕದಲ್ಲಿ ಕೂರಬೇಡಿ. ಶಂಖ ಎಷ್ಟು ಎತ್ತರ, ಬಾಯಿ ಯಾವ ಕಡೆ, ಬಾಯಂಚಿನಲ್ಲಿ ಚಿಪ್ಪಿನ ದಪ್ಪ ಎಷ್ಟು ಮಿ.ಮೀ., ಖಾಲಿ ಗಾಳಿಯ ಬೂದು ಅಂಕಿ ಎಷ್ಟು ಎಂದು ಬರೆದು ಕೊಡಲಿ. ಎತ್ತರ 150ರ ಹತ್ತಿರ, ಬಾಯಿ ಬಲಕ್ಕೆ, ಗಾಳಿ 6,554ರ ಸುತ್ತ ಬಂದರೆ, ಚಿಪ್ಪಿನ ದಪ್ಪ ನೀವು ಕ್ಯಾಲಿಪರ್‌ನಲ್ಲಿ ಬಾಯಂಚಿನಲ್ಲಿ ಅಳೆದದ್ದಕ್ಕೆ ಹೊಂದುವಂತಿದ್ದರೆ ಏರಿಸಿ. ಎತ್ತರ 300 ಎಂದು ಬಂದರೆ ಅರ್ಧಕ್ಕಿಳಿಸಿದ ಅಂತಸ್ತನ್ನು ಕಾಲಿಗಿಳಿಸಿದ್ದರ ವಾಕ್ಸೆಲ್‌ನೊಂದಿಗೆ ಉಳಿಸಿದ್ದೀರಿ. 75 ಎಂದು ಬಂದರೆ ಫೈಲಿನ ತಲೆಯಲ್ಲಿ ಇನ್ನೂ 0.1 ಕೂತಿದೆ.